ಸದ್ದು ತಗ್ಗಿಸಿದ್ದು ಯಾರು?

ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಇಷ್ಟದ ಹಾಡು. ಪಲ್ಲವಿ ಮುಗಿದು ಚರಣ ಶುರುವಾಗುವಷ್ಟರಲ್ಲಿ ಸದ್ದು ತಾನಾಗಿಯೇ ಇಳಿದುಬಿಟ್ಟಿತು. ಗುಂಡಿ ಒತ್ತಿ ಮತ್ತೆ ಏರಿಸಿದೆ. ಎರಡು ದಿನ ಬಿಟ್ಟು ಗ್ರಂಥಾಲಯದಲ್ಲಿ ಪರೀಕ್ಷೆಯ ಪಾಠ ಕೇಳುತ್ತಿದ್ದಾಗಲೂ ಅದೇ ಕತೆ. ಕೆಲವು ವಾರ ಹೀಗೇ ಸಹಿಸಿಕೊಂಡು ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದೆ.

“ಅಣ್ಣಾ, ವಾಲ್ಯೂಮ್ ತಾನ ಕಡಿಮಿ ಆಗಾಕತ್ತೈತಿ.”

“ಸಾಫ್ಟ್‌ವೇರ್ ಪ್ರಾಬ್ಲಮ್ ಇರ್ಬೇಕು ತಮ್ಮಾ. ರೀಸೆಟ್ ಮಾಡೂಣು, 300 ರೂಪಾಯಿ ಆಗ್ತೈತಿ.”

ಮೆಸ್ಸಿನ ಊಟಕ್ಕೆಂದು ಇಟ್ಟುಕೊಂಡಿದ್ದ ಹಣ ಕೊಟ್ಟು ಬಂದೆ. ರೀಸೆಟ್ ಮಾಡಿದ್ದರಿಂದ ಮೂರು ತಿಂಗಳಿನಿಂದ ಬರೆದಿಟ್ಟಿದ್ದ ಪ್ರಚಲಿತ ವಿದ್ಯಮಾನಗಳ ಟಿಪ್ಪಣಿಯೂ ಹೋಯಿತು. ಒಂದು ವಾರ ಎಲ್ಲ ಸರಿ ಇತ್ತು. ಎಂಟನೇ ದಿನ ಸದ್ದು ಮತ್ತೆ ಇಳಿಯಿತು. ಈ ಬಾರಿ ಗುಂಡಿ ಒತ್ತುವ ಮೊದಲು ಪರದೆ ನೋಡಿದೆ. ಇಂಗ್ಲಿಷಿನಲ್ಲಿ ಎರಡು ಸಾಲಿನ ಸಂದೇಶವಿತ್ತು. ನೀವು ಬಹಳ ಹೊತ್ತು ಜೋರು ಸದ್ದಿನಲ್ಲಿ ಕೇಳಿದ್ದೀರಿ, ಇದು ಕಿವಿಗೆ ಹಾನಿ ಮಾಡಬಹುದು ಎಂಬುದು ಅದರ ಸಾರ. ಇದೇ ಸಂದೇಶವನ್ನು ನಾನು ಅದೆಷ್ಟು ಸಲ ಓದದೆ ಪಕ್ಕಕ್ಕೆ ಸರಿಸಿದ್ದೆನೋ! ಫೋನ್ ಕೆಟ್ಟಿರಲಿಲ್ಲ. ಅದು ನನ್ನ ಕಿವಿಯ ಲೆಕ್ಕ ಇಡುತ್ತಿತ್ತು.

ಎಲ್ಲ ಇಳಿಕೆಯೂ ಒಂದೇ ಅಲ್ಲ

ಸದ್ದು ಇಳಿಯುವುದಕ್ಕೆ ಇದೊಂದೇ ಕಾರಣ ಎಂದು ಹೇಳುತ್ತಿಲ್ಲ. ಕಾರಣಗಳು ಹಲವು. ಹೇಗೆ ಇಳಿಯುತ್ತದೆ ಎಂಬುದನ್ನು ಗಮನಿಸಿದರೆ ಕಾರಣವೂ ಬಹುಪಾಲು ಗೊತ್ತಾಗುತ್ತದೆ.

ಒಂದೆರಡು ಸೆಕೆಂಡ್ ಮಾತ್ರ ತಗ್ಗಿ ಮತ್ತೆ ಮೊದಲಿನಂತಾದರೆ, ಬೇರೆ ಯಾವುದೋ ಆ್ಯಪ್ ನಡುವೆ ಮಾತನಾಡಿದೆ ಎಂದರ್ಥ. ಮ್ಯಾಪ್ ‘ಎಡಕ್ಕೆ ತಿರುಗಿ’ ಎಂದಾಗ, ಸಂದೇಶ ಬಂದು ಟಣ್ ಎಂದಾಗ ಹಾಡಿನ ಸದ್ದು ಬಗ್ಗಿ ದಾರಿ ಬಿಡುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಫೋನಿನ ವ್ಯವಸ್ಥೆಯೇ ಇದನ್ನು ತಾನಾಗಿ ಮಾಡುತ್ತದೆ. ತೊಂದರೆ ಎನಿಸಿದರೆ ಹಾಡು ಕೇಳುವಾಗ ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಂಡರೆ ಸಂದೇಶಗಳ ಕಾಟವಾದರೂ ತಪ್ಪುತ್ತದೆ.

ಒಂದು ಹಾಡು ಜೋರು, ಮುಂದಿನದು ಮೆಲ್ಲಗೆ ಎನಿಸಿದರೆ ಅದು ಹಾಡಿನ ಆ್ಯಪ್‌ನ ಕೆಲಸ. ಹಳೆಯ ಹಾಡುಗಳು ಮೆಲ್ಲಗೆ, ಹೊಸ ಹಾಡುಗಳು ಅಬ್ಬರವಾಗಿ ರೆಕಾರ್ಡ್ ಆಗಿರುತ್ತವೆ. ಎರಡನ್ನೂ ಒಂದೇ ಮಟ್ಟಕ್ಕೆ ತರಲು ಸ್ಪಾಟಿಫೈನಂಥ ಆ್ಯಪ್‌ಗಳು ಜೋರಿರುವ ಹಾಡನ್ನು ಇಳಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ವಾಲ್ಯೂಮ್ ನಾರ್ಮಲೈಸೇಷನ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಹಾಡು ಇದ್ದ ಹಾಗೇ ಕೇಳುತ್ತದೆ. ಆದರೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಕಿವಿಗೆ ಹೊಡೆದಂತಾಗುವುದೂ ಆಗಲೇ.

ಬ್ಲೂಟೂತ್ ಬಡ್ಸ್ ಹಾಕಿದಾಗ ಮಾತ್ರ ಹೀಗಾದರೆ, ಫೋನ್ ಮತ್ತು ಬಡ್ಸ್ ಎರಡೂ ಸದ್ದಿನ ಮಟ್ಟದ ಬಗ್ಗೆ ಹೊಂದಿಕೊಳ್ಳುತ್ತಿಲ್ಲ ಎಂದುಕೊಳ್ಳಬಹುದು. ಒಮ್ಮೆ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ‘ಡಿಸೇಬಲ್ ಆ್ಯಬ್ಸೊಲ್ಯೂಟ್ ವಾಲ್ಯೂಮ್’ ಎಂಬುದಿದೆ. ಅದನ್ನು ಒತ್ತಿದರೆ ಫೋನಿನ ಸದ್ದು ಬೇರೆ, ಬಡ್ಸ್‌ನ ಸದ್ದು ಬೇರೆ ಆಗುತ್ತದೆ. ಒಂದೇ ಕಿವಿಯಲ್ಲಿ ಸದ್ದು ಕಡಿಮೆಯಾಗಿದ್ದರೆ ಮೊದಲು ಇಯರ್‌ಫೋನ್‌ನ ಜಾಲರಿ ನೋಡಿ. ಅಲ್ಲಿ ಕೂತ ಕೊಳೆಯೇ ಎಷ್ಟೋ ಸಲ ಅಪರಾಧಿ.

ಈ ಮೇಲಿನ ಎಲ್ಲವನ್ನೂ ಸರಿಪಡಿಸಿಕೊಳ್ಳಬಹುದು, ಸರಿಪಡಿಸಿಕೊಳ್ಳಬೇಕು. ಆದರೆ ಗಂಟೆಗಟ್ಟಲೆ ಕೇಳಿದ ಮೇಲೆ ಸಂದೇಶದ ಜೊತೆ ಸದ್ದು ಇಳಿದರೆ ಅದು ರಿಪೇರಿಯ ವಿಷಯ ಅಲ್ಲ. ಅದರ ಹಿಂದೆ ಬೇರೆಯೇ ಕತೆ ಇದೆ.

ಯುರೋಪಿನಲ್ಲಿ ಶುರುವಾದ ನಿಯಮ

2008ರಲ್ಲಿ ಯುರೋಪಿಯನ್ ಒಕ್ಕೂಟದ ವಿಜ್ಞಾನಿಗಳ ಸಮಿತಿಯೊಂದು ಎಚ್ಚರಿಕೆ ಕೊಟ್ಟಿತು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು, ಜೋರು ಸದ್ದಿನಲ್ಲಿ, 5 ವರ್ಷ ಹಾಡು ಕೇಳಿದವರಲ್ಲಿ ಶೇ 5ರಿಂದ 10ರಷ್ಟು ಮಂದಿಗೆ ಶಾಶ್ವತ ಶ್ರವಣದೋಷ ಬರುವ ಅಪಾಯವಿದೆ ಎಂದಿತು. ಆ ಬಳಿಕ ಅಲ್ಲಿ ನಿಯಮ ರೂಪುಗೊಂಡಿತು. ಸಾಧನದ ಸದ್ದು ಸಾಮಾನ್ಯವಾಗಿ 85 ಡೆಸಿಬಲ್‌ಗೆ ನಿಲ್ಲಬೇಕು. ಬೇಕೆಂದರೆ ಬಳಕೆದಾರ ಎಚ್ಚರಿಕೆ ಓದಿ, ಒಪ್ಪಿ, ಮುಂದೆ ಹೋಗಬಹುದು. ಆಗಲೂ 100 ಡೆಸಿಬಲ್ ದಾಟುವಂತಿಲ್ಲ. 20 ಗಂಟೆ ಕೇಳಿದ ಮೇಲೆ ಎಚ್ಚರಿಕೆ ಮತ್ತೆ ಬರಬೇಕು.

ನಂತರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಇನ್ನೊಂದು ಮಾನದಂಡ ತಂದವು. ಸದ್ದು ಎಷ್ಟು ಜೋರು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದನ್ನೂ ಇದು ಎಣಿಸುತ್ತದೆ. ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ. ಐಫೋನ್ 7 ದಿನಗಳ ಲೆಕ್ಕ ಇಟ್ಟು ಮಿತಿ ತಲುಪಿದಾಗ ತಿಳಿಸುತ್ತದೆ, ಸದ್ದನ್ನೂ ಇಳಿಸುತ್ತದೆ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಇಂಥದೇ ಲೆಕ್ಕದ ಏರ್ಪಾಡು ಸೇರಿಕೊಂಡಿತು. ಎಲ್ಲ ಫೋನ್‌ಗಳಲ್ಲೂ, ಎಲ್ಲ ದೇಶಗಳಲ್ಲೂ ಇದು ಒಂದೇ ರೀತಿ ನಡೆಯುವುದಿಲ್ಲ. ಕಾನೂನು ಇರುವ ಕಡೆ ಕಡ್ಡಾಯ, ಉಳಿದ ಕಡೆ ಕಂಪನಿ ಹೇಗೆ ಇಟ್ಟಿದೆಯೋ ಹಾಗೆ.

ಅಂದರೆ ನಮ್ಮ ಊರಿನ ಬಸ್ಸಿನಲ್ಲಿ ನನ್ನ ಹಾಡಿನ ಸದ್ದು ಇಳಿಸಿದ್ದು, ದೂರದಲ್ಲೆಲ್ಲೋ ಶುರುವಾದ ಒಂದು ಸಾರ್ವಜನಿಕ ಆರೋಗ್ಯ ನೀತಿ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

3 ಡೆಸಿಬಲ್‌ನ ಗಣಿತ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಗಣಿತ ಹೊಸದಲ್ಲ. ಇದೂ ಒಂದು ಸಣ್ಣ ಲೆಕ್ಕ. ಡೆಸಿಬಲ್ ಸಾಮಾನ್ಯ ಅಂಕಿಯಂತೆ ಏರುವುದಿಲ್ಲ. 3 ಡೆಸಿಬಲ್ ಹೆಚ್ಚಿದರೆ ಸದ್ದಿನ ಶಕ್ತಿ ದುಪ್ಪಟ್ಟು. ಆದ್ದರಿಂದ ಕೇಳಬಹುದಾದ ಸಮಯ ಅರ್ಧ. 80 ಡೆಸಿಬಲ್‌ಗೆ ವಾರಕ್ಕೆ 40 ಗಂಟೆ ಇದ್ದದ್ದು 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ. 95ಕ್ಕೆ ಬಂದರೆ ಇಡೀ ವಾರಕ್ಕೆ ಉಳಿಯುವುದು 1 ಗಂಟೆ 15 ನಿಮಿಷ ಮಾತ್ರ.

ಈಗ ನನ್ನ ದಿನಚರಿ ನೋಡಿ. ಬೆಳಿಗ್ಗೆ ವಿಡಿಯೊ ಪಾಠ 3 ಗಂಟೆ. ಓಡಾಟದಲ್ಲಿ 1 ಗಂಟೆ. ರೂಮಿನಲ್ಲಿ ಗಲಾಟೆ ಕೇಳಿಸದಿರಲಿ ಎಂದು ಓದುವಾಗ ಸಂಗೀತ 1 ಗಂಟೆ. ಮಲಗುವಾಗ ಇನ್ನೊಂದು. ದಿನಕ್ಕೆ 6 ಗಂಟೆ, ವಾರಕ್ಕೆ 42. ಸದ್ದು 80 ಡೆಸಿಬಲ್ ಇದ್ದರೂ ಮಿತಿ ಮೀರುತ್ತದೆ. ಬಸ್ಸಿನಲ್ಲಿ ನಾನು ಇಡುತ್ತಿದ್ದುದು ಅದಕ್ಕಿಂತ ಬಹಳ ಹೆಚ್ಚು. ಫೋನ್ ಎಚ್ಚರಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಅಸುರಕ್ಷಿತವಾಗಿ ಕೇಳುವ ಅಭ್ಯಾಸದಿಂದ 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಮಂದಿ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರಣ ಸರಳ. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಹುಟ್ಟುವಾಗ ಸುಮಾರು 15 ಸಾವಿರ ಇರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಇದು ಮಾಯುವ ಗಾಯವಲ್ಲ.

ನೌಕರಿಯ ಬಾಗಿಲಲ್ಲಿ ಕಿವಿ

ಸಂದೇಶ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆಸ್ಪತ್ರೆಯೊಂದರಲ್ಲಿ ಶ್ರವಣ ಪರೀಕ್ಷೆ ಮಾಡಿಸಿದೆ. ಸದ್ದು ಹೊರಗೆ ಹೋಗದ ಪುಟ್ಟ ಕೋಣೆ. ಹೆಡ್‌ಫೋನ್‌ನಲ್ಲಿ ಕೇಳುವ ‘ಪೀಂ’ ಸದ್ದಿಗೆ ಗುಂಡಿ ಒತ್ತಬೇಕು. ಬಲಗಿವಿ ಸರಿ ಇತ್ತು. ಎಡಗಿವಿಯಲ್ಲಿ 4,000 ಹರ್ಟ್ಸ್ ಆಸುಪಾಸಿನ ಸದ್ದುಗಳು ಮಾತ್ರ ಸ್ವಲ್ಪ ತಡವಾಗಿ, ಜೋರು ಮಾಡಿದ ಮೇಲೆ ಕೇಳಿದವು. “ಗದ್ದಲದಿಂದ ಆಗುವ ಹಾನಿ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲಿ. ಈಗ ಚಿಕ್ಕದಿದೆ, ದೊಡ್ಡದು ಮಾಡಿಕೊಳ್ಳಬೇಡಿ” ಎಂದರು ಪರೀಕ್ಷೆ ಮಾಡಿದ ಮೇಡಂ. ಸ, ಶ, ಫ ಮುಂತಾದ ಅಕ್ಷರಗಳ ಸದ್ದು ಎತ್ತರದ ಸ್ಥಾಯಿಯಲ್ಲಿರುತ್ತದೆ. ಹಾನಿ ಬೆಳೆದಂತೆ ಮಾತು ಕೇಳುತ್ತದೆ, ಆದರೆ ಸ್ಪಷ್ಟವಾಗುವುದಿಲ್ಲ. ಜನಸಂದಣಿಯಲ್ಲಿ ‘ಏನಂದ್ರಿ?’ ಎಂದು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ಇದರಲ್ಲಿ ನಮ್ಮ ಹೊಟ್ಟೆಪಾಡೂ ಇದೆ. ಸೇನೆ ಸೇರಬಯಸುವ ಹುಡುಗರು ಬೆಳಗಿನ ಜಾವ ಎದ್ದು ಮೈದಾನದಲ್ಲಿ ಓಡುತ್ತಾರೆ, ಎದೆಯಳತೆ ಹೆಚ್ಚಿಸಿಕೊಳ್ಳಲು ಬೆವರು ಸುರಿಸುತ್ತಾರೆ. ವೈದ್ಯಕೀಯ ಪರೀಕ್ಷೆಯಲ್ಲಿ 610 ಸೆಂಟಿಮೀಟರ್ ದೂರದಿಂದ ಆಡಿದ ಪಿಸುಮಾತು ಒಂದೊಂದೇ ಕಿವಿಗೂ ಕೇಳಬೇಕು ಎಂಬ ಮಾನದಂಡವೂ ಅಲ್ಲಿದೆ. ಓಟಕ್ಕೆ ಹುರುಪು ಬರಲಿ ಎಂದು ಕಿವಿಗೆ ಬಡ್ಸ್ ತುರುಕಿ ಫುಲ್ ವಾಲ್ಯೂಮ್ ಇಟ್ಟು ಓಡುವವರನ್ನು ದಿನವೂ ನೋಡುತ್ತೇನೆ. ಕಾಲು ಗಟ್ಟಿ ಮಾಡಿಕೊಳ್ಳುವ ಭರದಲ್ಲಿ ಕಿವಿ ಸೋಲಬಾರದು. ಕಾಲ್ ಸೆಂಟರ್ ಇರಲಿ, ತರಗತಿ ಇರಲಿ, ಆಸ್ಪತ್ರೆ ಇರಲಿ, ಕೇಳಿಸಿಕೊಳ್ಳುವುದೇ ಅರ್ಧ ಕೆಲಸ.

ಫೋನ್ ಒಂದರಿಂದ ಆಗುವುದೇ?

ಹಾಗೆಂದು ಎಲ್ಲವನ್ನೂ ಫೋನಿನ ಮೇಲೆ, ನಮ್ಮ ಹೆಬ್ಬೆರಳಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. 2025ರ ಫೆಬ್ರುವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಇಯರ್‌ಫೋನ್ ಸದ್ದು 50 ಡೆಸಿಬಲ್ ಮೀರದಿರಲಿ, ದಿನಕ್ಕೆ 2 ಗಂಟೆಗಿಂತ ಹೆಚ್ಚು ಬೇಡ ಎಂದು ಸಲಹೆ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ವಾಲ್ಯೂಮ್ ಪಟ್ಟಿಯ ಮೇಲೆ ಡೆಸಿಬಲ್ ಅಂಕಿ ಬರೆದಿರುವುದಿಲ್ಲ. ಪಾಠವೇ ಮೊಬೈಲಿಗೆ ಬಂದಿರುವ ಕಾಲದಲ್ಲಿ 2 ಗಂಟೆಗೆ ನಿಲ್ಲಿಸುವುದು ಹೇಗೆ? ಇನ್ನು ಬಸ್ಸಿನ ಎಂಜಿನ್, ಹಾರ್ನ್‌ಗಳ ನಡುವೆ 50 ಡೆಸಿಬಲ್‌ನ ಹಾಡು ಕೇಳಿಸುವುದೇ ಇಲ್ಲ. ಹೊರಗಿನ ಗದ್ದಲ ಮುಚ್ಚಲೆಂದೇ ನಾವು ಒಳಗಿನ ಸದ್ದು ಏರಿಸುತ್ತೇವೆ.

ಮೆರವಣಿಗೆಯ ಡಿಜೆ ಮುಂದೆ ಮೂರು ತಾಸು ಕುಣಿದು ಬಂದು, ರಾತ್ರಿಯಿಡೀ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೂ ಫೋನಿಗೆ ಅದು ಗೊತ್ತಾಗುವುದಿಲ್ಲ. ಅದು ತನ್ನೊಳಗಿಂದ ಹೊರಟ ಸದ್ದನ್ನಷ್ಟೇ ಎಣಿಸುತ್ತದೆ. ರಸ್ತೆಬದಿಯಲ್ಲಿ ಕೊಂಡ ಅಗ್ಗದ ಇಯರ್‌ಫೋನ್ ಹಾಕಿದರೆ ಆ ಎಣಿಕೆಯೂ ಅಂದಾಜೇ. ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯಿಂದಲೂ ಇವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಅವು ಹೇಳುತ್ತವೆ. ಹಬ್ಬದ ದಿನ ಯಾವ ಬೀದಿಯಲ್ಲಿ ಇದು ಉಳಿಯುತ್ತದೆ ಎಂದು ನೀವೇ ಯೋಚಿಸಿ.

ಹಾಗಾಗಿ ಎರಡು ಕೆಲಸ ಆಗಬೇಕು ಎನಿಸುತ್ತದೆ. ಒಂದು, ಫೋನ್ ಕೊಡುವ ಎಚ್ಚರಿಕೆ ನಮ್ಮ ಭಾಷೆಯಲ್ಲಿ, ಅರ್ಥವಾಗುವಂತೆ ಬರಬೇಕು. ‘ಈ ವಾರದ ನಿಮ್ಮ ಪಾಲು ಮುಗಿದಿದೆ, ಅದಕ್ಕೇ ಸದ್ದು ಇಳಿಸಿದ್ದೇನೆ’ ಎಂದು ಕನ್ನಡದಲ್ಲಿ ಬಂದಿದ್ದರೆ ನಾನು 300 ರೂಪಾಯಿ ಕೊಡುತ್ತಿರಲಿಲ್ಲ, ಟಿಪ್ಪಣಿಯನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಕಾರಣ ಹೇಳದೆ ಮಾಡುವ ಒಳ್ಳೆಯ ಕೆಲಸವೂ ಕಿರಿಕಿರಿಯಂತೆಯೇ ಕಾಣುತ್ತದೆ. ಎರಡು, ಕಾಲೇಜಿಗೆ ಸೇರುವಾಗ ಕಣ್ಣಿನ ತಪಾಸಣೆಯಂತೆ ಕಿವಿಯ ತಪಾಸಣೆಯೂ ಆಗಬೇಕು. ಈ ವಿಷಯದಲ್ಲಿ ಕರ್ನಾಟಕ ಬಡವಲ್ಲ. ಮೈಸೂರಿನಲ್ಲಿ 1965ರಲ್ಲೇ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯಲ್ಲೇ ಒಂದು ಅಂದಾಜು ಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಹಿಯರ್‌ಹೂ’ ಎಂಬ ಉಚಿತ ಆ್ಯಪ್ ಇದೆ.

ನಾನು ಈಗ ಮಾಡಿಕೊಂಡಿರುವ ಬದಲಾವಣೆ ದೊಡ್ಡದೇನಲ್ಲ. ಗ್ರಂಥಾಲಯದಲ್ಲಿ ಪಾಠಗಳನ್ನು ಅರ್ಧಕ್ಕಿಂತ ಕಡಿಮೆ ಸದ್ದಿನಲ್ಲಿ ಕೇಳುತ್ತೇನೆ. ಗಂಟೆಗೊಮ್ಮೆ ಹತ್ತು ನಿಮಿಷ ಕಿವಿ ಖಾಲಿ ಬಿಡುತ್ತೇನೆ. ಮಲಗುವಾಗ ಇಯರ್‌ಫೋನ್ ಇಲ್ಲ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಹಾಕಿಸಿಕೊಂಡೆ. ಹೊರಗಿನ ಗದ್ದಲ ಅಷ್ಟರಮಟ್ಟಿಗೆ ತಗ್ಗಿದ್ದರಿಂದ ಸದ್ದು ಏರಿಸುವ ಆಸೆಯೂ ತಗ್ಗಿತು. ಬಸ್ಸಿನಲ್ಲಿ ಹಾಡು ಬಿಟ್ಟು ಕಿಟಕಿಯಾಚೆ ನೋಡುವುದನ್ನೂ ಕಲಿಯುತ್ತಿದ್ದೇನೆ.

ಮೊನ್ನೆ ರೂಮ್‌ಮೇಟ್ ಬಂದು, “ಲೇ, ನನ್ನ ಫೋನಿನ್ಯಾಗೂ ಸೌಂಡ್ ತಾನ ಇಳ್ಯಾಕತ್ತೈತಿ. ಆ ಸೆಟ್ಟಿಂಗ್ ಎಲ್ಲೈತಿ ಹೇಳು, ಆಫ್ ಮಾಡ್ತೀನಿ” ಎಂದ. ಎಲ್ಲಿದೆ ಎಂದು ತೋರಿಸಿದೆ. ಆಫ್ ಮಾಡುವ ಮೊದಲು ಅದರ ಕೆಳಗಿರುವ ಎರಡು ಸಾಲನ್ನು ಒಮ್ಮೆ ಓದು ಎಂದೆ. ಅವನು ಓದಿದ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ಕಿವಿ ಟೆಸ್ಟ್ ಎಲ್ಲಿ ಮಾಡಿಸಿದಿ?” ಎಂದು ಕೇಳಿದ.