ಮನೆತನದ ಹೆಸರೂ ಮರೆತ ತಾಯಂದಿರೂ

ಇಂಗ್ಲೆಂಡಿನ ಹಳ್ಳಿಯ ಇಗರ್ಜಿಯಲ್ಲಿ ಹಳೆಯ ದಾಖಲೆಗಳನ್ನು ತಿರುವಿಹಾಕಿ, ಒಂದೇ ಅಡ್ಡಹೆಸರನ್ನು ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಹಿಂಬಾಲಿಸಿ, ಕಡೆಗೊಬ್ಬ ಸರದಾರನನ್ನು ಕಂಡೊಡನೆ “ಇದೇ ನಮ್ಮ ವಂಶ” ಎಂದು ಹಿಗ್ಗುವವರು ಅನೇಕರುಂಟು. ಅವರ ಶ್ರಮವು ಶ್ಲಾಘ್ಯವೇ ಸರಿ. ಅದರಿಂದ ಅವರು ತೆಗೆಯುವ ಸಿದ್ಧಾಂತವು ಮಾತ್ರ ಒಪ್ಪತಕ್ಕುದಲ್ಲ.

ಮೊದಲನೆಯದಾಗಿ, ಹೆಸರೇ ಸ್ಥಿರವಲ್ಲ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಿಂದ ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡುವ ಪದ್ಧತಿ ಮೊದಲಾಯಿತು. ಹೇಳುವವನು ಬಹುವೇಳೆ ಓದುಬಾರದ ರೈತ. ಬರೆಯುವವನು ಪಾದ್ರಿ ಅಥವಾ ಅವನ ಕರಣಿಕ. ಕಿವಿಗೆ ಬಿದ್ದಂತೆ ಲೇಖನಿ ಓಡುತ್ತಿದ್ದಿತು. ಷೇಕ್ಸ್‌ಪಿಯರ್ ಮಹಾಕವಿಯೇ ತನ್ನ ಉಳಿದಿರುವ ಆರು ರುಜುಗಳಲ್ಲಿ ಹೆಸರನ್ನು ಒಂದೇ ಬಗೆಯಾಗಿ ಬರೆಯಲಿಲ್ಲ. ಹೀಗಿರಲು, ಉಳುವವನ ಹೆಸರಿನ ಅಕ್ಷರಗಳ ಮೇಲೆ ವಂಶದ ಕೋಟೆಯನ್ನು ಕಟ್ಟಬಹುದೆ?

ಎರಡನೆಯ ದೋಷವು ಇನ್ನೂ ದೊಡ್ಡದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಮೆಟ್ಟಿಲಿನಲ್ಲಿಯೇ ಪೂರ್ವಿಕರ 1024 ಸ್ಥಾನಗಳು. ಅಡ್ಡಹೆಸರನ್ನು ತಂದುಕೊಟ್ಟ ಸ್ಥಾನವು ಅವುಗಳಲ್ಲಿ ಒಂದೇ. ಉಳಿದ 1023 ವಂಶವಲ್ಲವೆ? ಅವುಗಳಲ್ಲಿ 512 ತಾಯಂದಿರವು. 1813ರಿಂದ ಬಳಕೆಗೆ ಬಂದ ಜ್ಞಾನಸ್ನಾನದ ಅಚ್ಚಿನ ನಮೂನೆಯಲ್ಲಿಯೂ ತಾಯಿಯ ತವರಿನ ಹೆಸರಿಗೆ ಅಂಕಣವಿರಲಿಲ್ಲ. 1837ರಲ್ಲಿ ಸರ್ಕಾರದ ಜನನ ನೋಂದಣಿ ಆರಂಭವಾದಾಗ ಅದಕ್ಕೊಂದು ಅಂಕಣ ದೊರೆಯಿತು.

ಹೆಸರಿನ ಈ ಭ್ರಮೆಯ ಫಲವನ್ನು ಥಾಮಸ್ ಹಾರ್ಡಿಯು 1891ರಲ್ಲಿ ‘ಟೆಸ್’ ಕಾದಂಬರಿಯಲ್ಲಿ ತೋರಿಸಿದನು. ಡಾರ್ಸೆಟ್ಟಿನ ಬಿಯರ್ ರೀಜಿಸ್ ಗ್ರಾಮದ ಇಗರ್ಜಿಯಲ್ಲಿ ಸಮಾಧಿಗಳನ್ನುಳಿಸಿ ಹೋದ ಟರ್ಬರ್‌ವಿಲ್ ಮನೆತನವೇ ಆ ಕಥೆಗೆ ಆಧಾರ. ಬಡವನಾದ ಡರ್ಬೀಫೀಲ್ಡನಿಗೆ ಪಾದ್ರಿಯೊಬ್ಬನು ಅವನ ಕುಲದ ಹಿರಿಮೆಯನ್ನು ತಿಳಿಸಿದನು. ಹೆಮ್ಮೆ ತಂದೆಯದಾಯಿತು, ಬೆಲೆ ತೆತ್ತವಳು ಮಗಳು. ನೆಂಟರೆಂದು ಅವಳು ಹುಡುಕಿಹೋದ ಸಿರಿವಂತರಾದರೋ ಆ ಹೆಸರನ್ನು ಎರವಲಾಗಿ ಧರಿಸಿದ್ದವರು!

ಹಾಗಾದರೆ ದಾಖಲೆಗಳನ್ನು ಮುಚ್ಚಿಡಬೇಕೆ? ಎಂದಿಗೂ ಇಲ್ಲ, ಪೂರ್ತಿಯಾಗಿ ಓದಬೇಕು. 1753ರ ವಿವಾಹಶಾಸನವು ಮರುವರ್ಷದಿಂದ ಇಗರ್ಜಿಯ ಪುಸ್ತಕದಲ್ಲಿ ವಧೂವರರ ರುಜುವನ್ನು ಕಡ್ಡಾಯಮಾಡಿತು. ಅಕ್ಷರ ಬಾರದ ವಧುವು ಅಲ್ಲಿ ಒಂದು ಗುರುತನ್ನು ಹಾಕಿದಳು. ಪಕ್ಕದಲ್ಲಿ ಅವಳ ತವರಿನ ಹೆಸರನ್ನು ಬೇರೊಬ್ಬನು ಬರೆದನು. ಮಕ್ಕಳ ಜ್ಞಾನಸ್ನಾನದ ಪುಟಗಳಲ್ಲಿ ಆ ಹೆಸರು ಸಾಮಾನ್ಯವಾಗಿ ಮತ್ತೆ ಕಾಣದು. ವಂಶವನ್ನು ಅರಸುವ ಮಹಾಶಯರು ಆ ಗುರುತಿನ ಬಳಿ ಒಂದು ಕ್ಷಣ ನಿಂತು, ಅವಳ ತವರಿನ ದಾರಿಯನ್ನೂ ಹಿಡಿಯಲಿ.