ಮನೆಯಲ್ಲಿ ಕಟ್ಟಿದ ಮೋಟಾರಿನ ಬ್ರೇಕು

ಓಡುವ ಗಾಡಿಯನ್ನು ಕಟ್ಟಿದವನಿಗೆ ಕೀರ್ತಿಯು ಬೇಗನೆ ಬರುತ್ತದೆ. ಅದನ್ನು ನಿಲ್ಲಿಸುವ ಸಾಧನವನ್ನು ಸರಿಪಡಿಸಿದವನನ್ನು ಕೇಳುವವರಿಲ್ಲ. ಆದರೆ ಆ ಗಾಡಿಯಲ್ಲಿ ಕುಳಿತ ಹೆಂಡಿರು ಮಕ್ಕಳ ಪ್ರಾಣವಿರುವುದು ಈ ಎರಡನೆಯವನ ಕೈಯಲ್ಲಿ. ಆದಕಾರಣ ಈ ತಿಂಗಳು, ಮನೆಯಲ್ಲಿ ಕಟ್ಟಿದ ಮೋಟಾರಿನ ಡ್ರಮ್ ಬ್ರೇಕುಗಳನ್ನು ಬಿಚ್ಚಿ ಪುನಃ ಕೂಡಿಸುವ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದೋಣಿ ಕಟ್ಟುವ ಕೆಲಸದಲ್ಲಿ ನುರಿತಿದ್ದ ಬ್ರೂಸ್ ಮೈಯರ್ಸ್ ಎಂಬವರು 1964ರಲ್ಲಿ ಗಾಜಿನ ನಾರಿನಿಂದ ಒಂದು ಹಗುರವಾದ ಮೋಟಾರು ಮೈಯನ್ನು ಎರಕ ಹೊಯ್ದರು. ಸಮುದ್ರತೀರದ ಮರಳ ದಿಬ್ಬಗಳ ಮೇಲೆ ಓಡತಕ್ಕ ಈ ಗಾಡಿಗೆ ಮೈಯರ್ಸ್ ಮ್ಯಾಂಕ್ಸ್ ಎಂದು ಹೆಸರಾಯಿತು. ಕೊಂಡವರು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಒಂದರ ಮೈಯನ್ನು ತೆಗೆದುಹಾಕಿ, ಅದರ ತಳವನ್ನು ಸುಮಾರು 36 ಸೆಂಟಿಮೀಟರಿನಷ್ಟು ಕತ್ತರಿಸಿ ಬೆಸೆದು, ಈ ಹೊಸ ಮೈಯನ್ನು ತಾವೇ ಕೂಡಿಸಿಕೊಳ್ಳುತ್ತಿದ್ದರು. ಇದನ್ನು ಅನುಕರಿಸಿದ ಗಾಡಿಗಳಿಗಂತೂ ಲೆಕ್ಕವಿಲ್ಲ. ಇವುಗಳಲ್ಲಿ ಬಹುಪಾಲಿಗೆ ಎಂಜಿನಿನಂತೆ ಬ್ರೇಕುಗಳೂ ಹಳೆಯ ಬೀಟಲಿನವೇ. ಬೇರೊಂದು ಗಾಡಿಯ ತೂಕಕ್ಕೆಂದು ಅಳೆದು ಮಾಡಿದ ಬ್ರೇಕು ಹೊಸ ಗಾಡಿಯಲ್ಲಿ ಹೇಗೆ ನಡೆದುಕೊಳ್ಳುವುದೆಂದು ಯಾವ ಕಾರ್ಖಾನೆಯೂ ಪರೀಕ್ಷಿಸಿಲ್ಲ. ಆ ಹೊಣೆಯು ಕಟ್ಟಿದವನದೇ.

ಬ್ರೇಕಿನ ಕೆಲಸವೆಂದರೆ ವೇಗವನ್ನು ಶಾಖವಾಗಿ ಮಾರ್ಪಡಿಸುವುದು. ಜನರೂ ಸೇರಿ 720 ಕಿಲೋಗ್ರಾಂ ತೂಗುವ ಗಾಡಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಹುಟ್ಟುವ ಶಾಖವು ಒಂದು ಲೀಟರು ನೀರನ್ನು 24 ಡಿಗ್ರಿಯಷ್ಟು ಬಿಸಿ ಮಾಡಬಲ್ಲುದು. ವೇಗವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಇದೆಲ್ಲವನ್ನೂ ನಾಲ್ಕು ಡ್ರಮ್ಮುಗಳು ನುಂಗಬೇಕು.

ಡ್ರಮ್ಮೆಂದರೆ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬೋಗುಣಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳುಂಟು. ಅವುಗಳ ಬೆನ್ನಿಗೆ ಲೈನಿಂಗು ಅಂಟಿರುತ್ತದೆ. ತಿರುಗುವ ಗಡಿಗೆಯ ಒಳಮೈಗೆ ಕುಂಬಾರನು ಅಂಗೈಯನ್ನು ಒತ್ತುವಂತೆ, ಪೆಡಲನ್ನು ತುಳಿದೊಡನೆ ಇವು ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಒಂದು ಷೂವನ್ನು ಡ್ರಮ್ಮಿನ ತಿರುಗಾಟವೇ ಎಳೆದುಕೊಂಡು ಇನ್ನಷ್ಟು ಬಿಗಿಯುತ್ತದೆ; ಮತ್ತೊಂದನ್ನು ಹಿಂದಕ್ಕೆ ತಳ್ಳುತ್ತದೆ. ಕಾಲಿನ ಸ್ವಲ್ಪ ಬಲಕ್ಕೆ ಹೆಚ್ಚು ಹಿಡಿತ ಸಿಕ್ಕುವುದು ಇದರಿಂದಲೇ. ಆದರೆ ಈ ಗುಣವೇ ಸಣ್ಣ ದೋಷವನ್ನೂ ದೊಡ್ಡದು ಮಾಡುತ್ತದೆ. ಒಂದು ಬದಿಯ ಲೈನಿಂಗಿಗೆ ತುಸು ಜಿಡ್ಡು ತಾಗಿದರೂ ಸಾಕು, ಗಾಡಿಯು ರಸ್ತೆಯಲ್ಲಿ ಓರೆಯಾಗಿ ಎಳೆಯುತ್ತದೆ. ಎಡಕ್ಕೆ ಮಾಡಿದುದನ್ನು ಬಲಕ್ಕೂ ಅದೇ ದಿನ ಮಾಡತಕ್ಕದ್ದೆಂಬ ನಿಯಮವು ಇದಕ್ಕಾಗಿಯೇ ಹುಟ್ಟಿತು.

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ತರುವಾಯ ಪ್ರಾಣಾಂತಿಕವಾದ ರೋಗಕ್ಕೆ ಕಾರಣವಾಗಬಹುದು. ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿದವರ ಬಟ್ಟೆಗಳನ್ನು ಮನೆಯಲ್ಲಿ ಒಗೆದ ಹೆಂಗಸರಿಗೂ ಈ ರೋಗ ತಗುಲಿದ ನಿದರ್ಶನಗಳುಂಟು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಎಂದೂ ಊದಕೂಡದು. ಒಣ ಬ್ರಷ್ಷಿನಿಂದ ಗುಡಿಸಲೂ ಕೂಡದು. ತಕ್ಕ ಮುಖಕವಚವನ್ನು ಧರಿಸಿ, ನೀರಿನಿಂದ ಚೆನ್ನಾಗಿ ತೋಯಿಸಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಪ್ರತ್ಯೇಕವಾಗಿಡಬೇಕು. ಮಕ್ಕಳನ್ನು ಹತ್ತಿರ ಸೇರಿಸಬಾರದು.

ಬೀಟಲಿನ ಹಿಂದಿನ ಡ್ರಮ್ಮನ್ನು ಹಿಡಿದಿಟ್ಟಿರುವುದು 36 ಮಿಲಿಮೀಟರಿನ ಒಂದು ದೊಡ್ಡ ನಟ್ಟು. ಚಕ್ರಗಳು ನೆಲದ ಮೇಲಿರುವಾಗಲೇ ಇದನ್ನು ಸಡಿಲಿಸಬೇಕು. ಜಾಕಿಯ ಮೇಲಿಟ್ಟು ಜಗ್ಗಿದರೆ ಗಾಡಿಯು ಉರುಳೀತು. ಆಮೇಲೆ ಗಾಡಿಯನ್ನೆತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸತಕ್ಕದ್ದು. ಬರಿಯ ಜಾಕಿಯನ್ನು ನಂಬಬಾರದು. ಎರಡು ಬದಿಯನ್ನೂ ಒಟ್ಟಿಗೆ ಕಳಚದೆ ಒಂದನ್ನು ಹಾಗೆಯೇ ಬಿಟ್ಟಿದ್ದರೆ, ಯಾವ ಸ್ಪ್ರಿಂಗು ಯಾವ ರಂಧ್ರಕ್ಕೆ ಎಂಬ ಸಂದೇಹಕ್ಕೆ ಅದೇ ಉತ್ತರವನ್ನು ಹೇಳುತ್ತದೆ. ಎಡ ಮುಂಚಕ್ರದ ನಟ್ಟು ಮಾತ್ರ ಎಡಸುತ್ತಿನದು. ಇದನ್ನು ಮರೆತು ಬಿಗಿದರೆ ಸುತ್ತು ಹಾಳಾಗುವುದು.

ಷೂ ಹಾಕುವ ಮುನ್ನ ಜಿಡ್ಡು ಎಲ್ಲಿಂದ ಬಂತೆಂಬುದನ್ನು ಹುಡುಕಬೇಕು. ಸಿಲಿಂಡರಿನ ರಬ್ಬರು ಸೋರಿತ್ತೆ? ಇಲ್ಲವೆ ಗೇರು ಪೆಟ್ಟಿಗೆಯ ಎಣ್ಣೆಯು ಸೀಲನ್ನು ದಾಟಿ ಹಿಂಚಕ್ರಕ್ಕೆ ಬಂದಿತ್ತೆ? ಕಾರಣವನ್ನು ನಿವಾರಿಸದೆ ಹೊಸ ಲೈನಿಂಗು ಹಾಕುವುದು ಸೋರುವ ಮಾಳಿಗೆಯ ಕೆಳಗೆ ಹೊಸ ಚಾಪೆ ಹಾಸಿದಂತೆ. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಬಳಸುವ ಉಳಿತಾಯವೂ ಸಲ್ಲದು. ಕಾದಾಗ ಎಣ್ಣೆಯು ಪುನಃ ಮೇಲಕ್ಕೆ ಬರುತ್ತದೆ.

ಡ್ರಮ್ಮನ್ನು ಕೂಡಿಸಿ ಚಕ್ರವನ್ನು ನೆಲಕ್ಕಿಳಿಸಿದ ಮೇಲೆ ಹಿಂದಿನ ನಟ್ಟನ್ನು, ಒಂದು ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮಾರು 30 ಕಿಲೋ ಭಾರವನ್ನು ಹೇರಿದಷ್ಟು ಬಿಗಿಯಬೇಕು. ಪಿನ್ನಿನ ರಂಧ್ರ ಕೂಡಿಬಾರದಿದ್ದರೆ ಇನ್ನೂ ಮುಂದಕ್ಕೆ ಬಿಗಿಯುವುದೇ ಸರಿ, ಹಿಂದಕ್ಕೆ ಸಡಿಲಿಸಕೂಡದು. ಹೊಸ ಪಿನ್ನನ್ನೇ ಹಾಕಬೇಕು.

ಇನ್ನು ಹೊಂದಿಸುವ ಕೆಲಸ. ತಳವನ್ನು ಮೊಟಕು ಮಾಡಿದ ಗಾಡಿಯಲ್ಲಿ ಹ್ಯಾಂಡ್‌ಬ್ರೇಕಿನ ತಂತಿಗಳನ್ನೂ ಮೊಟಕು ಮಾಡಿರುತ್ತಾರೆ. ಅವು ಅತಿ ಬಿಗಿಯಾಗಿದ್ದರೆ ಷೂಗಳು ಸದಾ ಅರ್ಧ ಎಳೆದುಕೊಂಡೇ ಇರುತ್ತವೆ. ಮೊದಲು ಆ ತಂತಿಗಳನ್ನು ಸಡಿಲಿಸಿ, ಚಕ್ರವನ್ನೆತ್ತಿ, ಹಲ್ಲಿನ ತಿರುಪನ್ನು ಚಕ್ರವು ಬಿಗಿಯುವವರೆಗೆ ತಿರುಗಿಸಿ, ಪೆಡಲನ್ನೊಮ್ಮೆ ತುಳಿದು ಷೂಗಳನ್ನು ನಡುವಿಗೆ ತಂದು, ಚಕ್ರವು ಸಲೀಸಾಗಿ ತಿರುಗುವಷ್ಟು ಕೆಲವು ಹಲ್ಲು ಹಿಂದಕ್ಕೆ ತಿರುಗಿಸಬೇಕು. ತಂತಿಗಳ ಸರದಿ ಕಡೆಯದು.

ಕೊಳವೆಗಳಲ್ಲಿ ಗಾಳಿ ಉಳಿದರೆ ಪೆಡಲು ಮೆತ್ತಗಾಗುತ್ತದೆ. ಅತಿ ದೂರದ ಚಕ್ರದಿಂದ ಆರಂಭಿಸಿ ಅದನ್ನು ಹೊರಡಿಸಬೇಕು. ಬ್ರೇಕಿನ ದ್ರವವು ಹವೆಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವವು ಕಡಮೆಯೆಂದರೆ 230 ಡಿಗ್ರಿಯಲ್ಲಿ ಕುದಿಯಬೇಕು. ತೇವ ಹೀರಿದ ಮೇಲೆ ಈ ಮಿತಿಯು 155ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುವುದು. ಬಹುಕಾಲ ತೆರೆದಿಟ್ಟ ಡಬ್ಬಿಯ ದ್ರವವು ಬೇಡ.

ಕೊನೆಯದೇ ಮುಖ್ಯವಾದದ್ದು. ಬೀಟಲಿನ ಎಂಜಿನು ಹಿಂಭಾಗದಲ್ಲಿರುವುದು. ಭಾರವಾದ ಉಕ್ಕಿನ ಮೈಯನ್ನು ತೆಗೆದ ಮೇಲೆ ಗಾಡಿಯ ಮುಂಭಾಗವು ಬಲು ಹಗುರ. ಜೋರಾಗಿ ತುಳಿದರೆ ಮುಂಚಕ್ರಗಳು ತಿರುಗುವುದನ್ನೇ ನಿಲ್ಲಿಸಿ ಜಾರಿಯಾವು; ಜಾರುವ ಚಕ್ರವು ಸ್ಟಿಯರಿಂಗಿನ ಮಾತನ್ನು ಕೇಳದು. ಹಿಂದಕ್ಕೆ ದೊಡ್ಡ ಟೈರುಗಳನ್ನು ಹಾಕಿದ್ದರಂತೂ ಹಿಂಬ್ರೇಕಿನ ಹಿಡಿತವು ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಆದುದರಿಂದ ಜನರಿಲ್ಲದ ಸಮತಟ್ಟು ಬಯಲಿನಲ್ಲಿ ಒಬ್ಬನೇ ಕುಳಿತು, ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ 20, ಆಮೇಲೆ 40 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಬೇಕು. ಗಾಡಿಯು ನೇರವಾಗಿ ನಿಂತಿತೆ? ಯಾವ ಚಕ್ರವು ಮೊದಲು ಜಾರಿತು? ಯಾವ ಡ್ರಮ್ಮು ಉಳಿದವುಗಳಿಗಿಂತ ಬಿಸಿಯಾಗಿದೆ? ಹೊಸ ಲೈನಿಂಗು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಪೂರ್ಣ ಹಿಡಿತ ಕೊಡದೆಂಬುದೂ ನೆನಪಿರಲಿ. ನೀರಿನಲ್ಲಿ ಇಳಿದು ಬಂದ ಗಾಡಿಯ ಪೆಡಲನ್ನು ಮೆಲ್ಲನೆ ತುಳಿಯುತ್ತಾ ಡ್ರಮ್ಮುಗಳನ್ನು ಆರಿಸಿಕೊಂಡೇ ವೇಗ ಹೆಚ್ಚಿಸಬೇಕು.

ತನ್ನ ಕೆಲಸದ ತಪ್ಪು ತನ್ನ ಕಣ್ಣಿಗೆ ಸುಲಭವಾಗಿ ಬೀಳದು. ಕೂಡಿಸಿ ಮುಗಿದ ಬ್ರೇಕನ್ನು ಇನ್ನೊಬ್ಬ ಬಲ್ಲವರಿಗೆ ತೋರಿಸಿ, ಅವರು ಸರಿಯೆಂದ ಮೇಲೆಯೇ ಮನೆಯವರನ್ನು ಗಾಡಿಗೆ ಹತ್ತಿಸತಕ್ಕದ್ದು.