ಒಬ್ಬಾಕಿದಲ್ಲ ಆ ಬ್ಯಾನಿ

ಮೊನ್ನೆ ಅರಿಶಿಣ-ಕುಂಕುಮಕ್ಕ ಕೂತಾಗ ಕಬ್ಬು ಕಡಿಯೋ ಗ್ಯಾಂಗಿನ ಮಾತು ಬಂತು. ಮಹಾರಾಷ್ಟ್ರದ ಬೀಡ ಕಡಿಯಿಂದ ನಮ್ಮ ಸೀಮಿಗೆ ಬರ್ತಾರಲ್ಲ, ಆ ಹೆಣ್ಣುಮಕ್ಕಳೊಳಗ ಭಾಳ ಮಂದಿ ಗರ್ಭಚೀಲ ತಗಿಸಿಕೊಂಡಾರ ಅಂದೆ. "ಅಯ್ಯ, ಅವ್ರೇ ಬೇಕಂತ ತಗಿಸ್ಕೋತಾರ್ರೀ, ತಿಂಗಳಿನ ರಗಳಿ ತಪ್ಪತದಂತ" ಅಂದ್ರು ನಮ್ಮ ವೈನಿ. ಎಲ್ಲಾರೂ ನಕ್ರು. ನಾ ಸುಮ್ನಾದೆ. ಅಲ್ಲೆ ಆಡದ ಮಾತು ಇಲ್ಲೆ ಬರದೀನಿ, ಸಿಟ್ಟಾಗಬ್ಯಾಡ್ರಿ.

ಬೇಕಂತ ಅಂದ್ರ ಏನ್ರೀ? ಗಂಡ-ಹೆಂಡ್ತಿ ಇಬ್ರೂ ಸೇರಿ ಅಲ್ಲೆ ಒಂದು 'ಕೊಯ್ತಾ'. ಮುಂಗಡ ರೊಕ್ಕ ಮೊದಲೇ ತಗೊಂಡಿರ್ತಾರ. ಒಂದು ದಿನಾ ಮೈಯಾಗ ಆರಾಮಿಲ್ಲಂತ ಮಲಗಿದ್ರ ಮುಕಾದಮ ದಂಡ ಹಿಡೀತಾನ. ಹೊಲದಾಗ ಪಾಯಖಾನಿ ಇಲ್ಲ, ತೊಳಕೊಳ್ಳಾಕ ನೀರಿಲ್ಲ. ತಿಂಗಳಾನುಗಟ್ಟಲೆ ಹಿಂಗ ನಡದ್ರ ಸೋಂಕು ಆಗಲಾರದ ಇರ್ತದೇನು? ದವಾಖಾನಿಗೆ ಹೋದ್ರ, "ಕ್ಯಾನ್ಸರ್ ಆದೀತು, ತಗಿಸಿಬಿಡು" ಅಂತ ಅಂಜಿಸಿದ್ರಂತ ಎಷ್ಟೋ ಮಂದಿ ಹೇಳ್ಯಾರ. ಆಪರೇಶನ್ನಿಗೆ ಸಾಲ, ಸಾಲಕ್ಕ ಮತ್ತ ಕಬ್ಬು. ಇದರಾಗ 'ಬೇಕು' ಎಲ್ಲೆ ಅದ ತೋರಸ್ರಿ.

ದಾಕ್ತರ ಮುಂದ ಒಬ್ಬೊಬ್ಬಾಕೀನೇ ಹೋಗ್ತಾಳ. ಅಲ್ಲೆ ಅದು ಆಕಿ ಒಬ್ಬಾಕಿ ಬ್ಯಾನಿ, ಆಕಿ ನಸೀಬ. ಎಣಿಸಿದ ಮ್ಯಾಲೇ ನಿಜ ಕಾಣತದ. 2019ರಾಗ ಗದ್ದಲ ಆಗಿ, ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆ ಅವರ ಸಮಿತಿ ಮಾಡ್ತು. ಕಬ್ಬು ಕಡಿಯೋ 82,309 ಹೆಂಗಸರನ್ನ ಕೇಳಿದ್ರ, 13,861 ಮಂದಿಗೆ ಗರ್ಭಚೀಲ ಇಲ್ಲ! ಆರು ಮಂದ್ಯಾಗ ಒಬ್ಬಾಕಿ. ಇಡೀ ದೇಶದಾಗ 15ರಿಂದ 49 ವರ್ಷದ ಹೆಂಗಸರನ್ನ ತಗೊಂಡ್ರ, ನೂರಕ್ಕ ಸುಮಾರು ಮೂರೇ ಮಂದಿ. ಇಷ್ಟು ಫರಕು ನಸೀಬದಿಂದ ಬರೂದುಲ್ರೀ, ಕೆಲಸದಿಂದ ಬರತದ.

ಎಣಿಸಿದ ಮ್ಯಾಲ ದಾಕ್ತರಿಗಷ್ಟ ಬೈದು ಕೈ ತೊಳಕೊಂಡ್ರೂ ಆಗೂದುಲ್ಲ. ಹೊಲದಾಗ ನೀರು, ಪಾಯಖಾನಿ, ದಂಡ ಇಲ್ಲದ ಸೂಟಿ — ಇವು ಬರೂತನಕ ಬ್ಯಾನಿ ಅಲ್ಲೇ ಇರತದ. ಚಿಕ್ಕ ವಯಸ್ಸಿನಾಗ ಅಂಡಾಶಯನೂ ತಗದ್ರ ಎಲುಬು ಲಗೂನ ಸವೀತಾವ. ಆಮ್ಯಾಲೂ ಅದೇ ಹೊರಿ ಹೊರಬೇಕಲ್ಲ!

ಇಟಲಿಯ ರಾಮಾಝಿನಿ ಅನ್ನೋ ವೈದ್ಯ 1700ರಾಗೇ ಬರದಿಟ್ಟಾನ: ರೋಗಿಗೆ "ನೀ ಏನು ಕೆಲಸ ಮಾಡ್ತಿ?" ಅಂತ ತಪ್ಪದ ಕೇಳಬೇಕಂತ. ಮುನ್ನೂರು ವರ್ಷ ದಾಟಿದ್ರೂ ನಮಗ ಆ ಪ್ರಶ್ನೆ ಬಾಯಿಗೆ ಬರವಲ್ದು. ನಮ್ಮನಿ ಭಾಂಡೆ ತಿಕ್ಕೋ ಅಕ್ಕನ ಬೆರಳಸಂದಿ ಹುಣ್ಣಿಗೆ ನಾನೂ ಎರಡು ವರ್ಷ "ಮುಲಾಮು ಹಚ್ಚವಾ" ಅಂದೀನಿ ಹೊರತು, "ನಿನ್ನ ಜೋಡಿ ಕೆಲಸಕ್ಕ ಹೋಗೋರಿಗೂ ಹಿಂಗ ಆಗೇದೇನು?" ಅಂತ ಕೇಳಿರಲಿಲ್ಲ. ಮೊನ್ನೆ ಕೇಳಿದೆ. ಐದು ಮಂದ್ಯಾಗ ನಾಕು ಮಂದಿಗೆ ಅದ ಅಂದ್ಲು.

ವೈನಿ, ನೀವೂ ಕೇಳ್ರಿ. ಅವತ್ತು ನಾವು ಕುಡದ ಚಹಾದಾಗ ಇದ್ದದ್ದೂ ಅದೇ ಕಬ್ಬಿನ ಸಕ್ಕರಿ.